ತಾಯಂದಿರ ಸಭೆಗೆ ಹೋದ ಅಪ್ಪ: ನಮ್ಮ ಬಾಲವಾಡಿಯ ಮೂರು ವರ್ಷ

ಮಗಳು ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಅದಕ್ಕೂ ಮೊದಲು ಮೂರು ವರ್ಷ, ಅಂದರೆ 2022ರ ಜೂನ್‌ನಿಂದ, ಅವಳು ಹೋದದ್ದು ಉಡುಪಿಯ ನಮ್ಮ ವಾರ್ಡಿನ ಅಂಗನವಾಡಿಗೆ. ನಮ್ಮ ಕಡೆ ಬಾಯಿಗೆ ಬರುವುದು ಬಾಲವಾಡಿ ಅಂತಲೇ. "ಹೇಗುಂಟು ಅಲ್ಲಿ? ಏನಾದ್ರೂ ಕಲಿಸ್ತಾರಾ? ಊಟ ಸರಿ ಉಂಟಾ?" ಅಂತ ಕೇಳುವವರು ಜಾಸ್ತಿ. ಸಣ್ಣ ಮಕ್ಕಳಿರುವ ಎಲ್ಲರಿಗೂ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಸೇರಿಸಿದ ನಾಲ್ಕು ತಿಂಗಳಲ್ಲೇ ಕೇಳಿದ್ದರೆ ಎರಡು ಕೊಡುತ್ತಿದ್ದೆ. ಆ ನಾಲ್ಕು ತಿಂಗಳು ನಾನು ಮಗಳನ್ನು ಬಾಗಿಲಲ್ಲಿ ಬಿಟ್ಟು ಬರುತ್ತಿದ್ದೆ. ಆಮೇಲೆ ಒಳಗೆ ಹೋಗಲು ಶುರು ಮಾಡಿದೆ.

ನಮ್ಮ ಮನೆಯ ಲೆಕ್ಕ ಹೀಗೆ. ಹೆಂಡತಿ ಮಣಿಪಾಲದಲ್ಲಿ ನರ್ಸ್, ಶಿಫ್ಟ್ ಡ್ಯೂಟಿ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವುದು, ಹತ್ತು ಗಂಟೆಗೆ ಹೋದರೆ ಸಾಕು. ಮನೆಯಲ್ಲಿ ನನ್ನ ಅಮ್ಮ ಇದ್ದಾರೆ. ಬಾಲವಾಡಿ ತೆರೆಯುವುದು ಒಂಬತ್ತೂವರೆಗೆ. ಹಾಗಾಗಿ ಬೆಳಿಗ್ಗೆ ಬಿಡುವ ಕೆಲಸ ನನ್ನದೇ. ಇದಕ್ಕೂ ಮೊದಲು ಎರಡು ತಿಂಗಳು ಒಂದು ಪ್ಲೇಹೋಮ್‌ಗೆ ಕಳಿಸಿದ್ದೆವು. ಅಲ್ಲಿ ಗೇಟಿನಿಂದ ಒಳಗೆ ತಂದೆತಾಯಿಗೆ ಪ್ರವೇಶ ಇರಲಿಲ್ಲ. ದಿನಾ ಫೋಟೋ ಬರುತ್ತಿತ್ತು. ಫೋಟೋದಲ್ಲಿ ಮಗು ನಗುತ್ತಿತ್ತು, ಮನೆಗೆ ಬಂದರೆ ರಾತ್ರಿ ಬೆಚ್ಚಿ ಏಳುತ್ತಿತ್ತು. ಒಳಗೆ ಏನು ನಡೆಯುತ್ತದೆ ಅಂತ ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಬಾಲವಾಡಿಯ ಮೊದಲ ದಿನವೇ ಟೀಚರ್ ಹೇಳಿದ್ದರು, "ಒಂದು ವಾರ ನೀವೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಣ್ಣ, ಮಗು ಅಭ್ಯಾಸ ಆಗ್ತದೆ." ನಾನು ಎರಡು ದಿನ ಕೂತೆ, ಮೂರನೇ ದಿನ ಅಂಗಡಿಗೆ ಓಡಿದೆ. ಮಗಳು ಅಕ್ಟೋಬರ್‌ವರೆಗೂ ಅತ್ತಳು. ತಪ್ಪು ನನ್ನದೇ ಅಂತ ಈಗ ಅರ್ಥವಾಗುತ್ತದೆ.

ಬದಲಾದದ್ದು ತೂಕದ ವಿಷಯದಲ್ಲಿ. ಪ್ರತಿ ತಿಂಗಳು ಅಲ್ಲಿ ಮಕ್ಕಳ ತೂಕ ನೋಡುತ್ತಾರೆ. ಮೂರೂವರೆ ವರ್ಷದ ಹೊತ್ತಿಗೆ ಮಗಳು 12.4 ಕೆಜಿ ಇದ್ದಳು. ಮಳೆಗಾಲದ ಜ್ವರ ಆದ ಮೇಲೆ 12.1ಕ್ಕೆ ಬಂತು, ಮುಂದಿನ ತಿಂಗಳೂ ಅಷ್ಟೇ. ಆ ತಿಂಗಳು ತಾಯಂದಿರ ಸಭೆಗೆ ಬರಬೇಕು ಅಂತ ಟೀಚರ್ ಫೋನ್ ಮಾಡಿದರು. ಹೆಂಡತಿಗೆ ಡ್ಯೂಟಿ ಇತ್ತು. ಅಮ್ಮನಿಗೆ ಮೊಣಕಾಲು ನೋವು. "ನಾನು ಬರಬಹುದಾ ಟೀಚರ್?" ಅಂದೆ. "ಬನ್ನಿ, ಮಗು ನಿಮ್ದೂ ಅಲ್ವಾ" ಅಂದರು.

ಹೆಸರೇ ತಾಯಂದಿರ ಸಭೆ. ಹೋಗಿ ನೋಡಿದರೆ ಹದಿನಾಲ್ಕು ಹೆಂಗಸರು, ನಾನೊಬ್ಬನೇ ಗಂಡಸು. ಹತ್ತು ನಿಮಿಷ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಬ್ಬರು ಅಕ್ಕ "ನಮ್ಮವ್ರು ಇತ್ತ ತಲೆಯೂ ಹಾಕಿಲ್ಲ ಮಾರಾಯ್ರೆ" ಅಂದರು. ಅಲ್ಲಿಂದ ಮಾತು ಸರಾಗವಾಯಿತು.

ಅವತ್ತು ಟೀಚರ್ ಮಗಳ ಬೆಳವಣಿಗೆಯ ಚಾರ್ಟ್ ತೋರಿಸಿದರು. ಅವಳು ಹಸಿರು ಭಾಗದಲ್ಲೇ ಇದ್ದಳು. "ಹಸಿರಲ್ಲಿದೆ ಅಂತ ಸುಮ್ನೆ ಇರಬಾರದು, ಗೆರೆ ಮೇಲೆ ಹೋಗ್ತಾ ಉಂಟಾ ನೋಡಬೇಕು" ಅಂದರು. ನಮ್ಮದು ಮಲಗಿತ್ತು. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನೂ ಅವತ್ತೇ ಕೈಯಲ್ಲಿ ಹಿಡಿದದ್ದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಅದು. 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಕೆಂಪು ಬಂದರೆ ಕೂಡಲೇ ಆಸ್ಪತ್ರೆಗೆ ತೋರಿಸಬೇಕು. ತಾಯಿ ಕಾರ್ಡ್ ತೆಗೆದು ನೋಡಿದಾಗ ಇನ್ನೊಂದು ವಿಷಯ ಸಿಕ್ಕಿತು. ವಿಟಮಿನ್ ಎ ಒಂಬತ್ತನೇ ತಿಂಗಳಿಂದ ಶುರುವಾಗಿ ಐದು ವರ್ಷದೊಳಗೆ ಆರಾರು ತಿಂಗಳಿಗೆ ಒಟ್ಟು 9 ಸಲ ಕೊಡಬೇಕು. ನಮ್ಮದರಲ್ಲಿ ಕೊರೊನಾ ಸಮಯದ ಒಂದು ಖಾಲಿ ಇತ್ತು. ಮನೆಯಲ್ಲಿ ನರ್ಸ್ ಇದ್ದೂ ಅದು ತಪ್ಪಿಹೋಗಿತ್ತು. ಯಾಕೆಂದರೆ ಆ ಕಾರ್ಡ್ ನೋಡುವುದು ಅವಳೊಬ್ಬಳ ಕೆಲಸ ಅಂತ ನಾನು ಬಿಟ್ಟುಬಿಟ್ಟಿದ್ದೆ.

"ಮನೆಯಲ್ಲಿ ಹೇಗೆ ಊಟ ಮಾಡಿಸ್ತೀರಿ?" ಅಂತ ಟೀಚರ್ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ಅಂಗಳದಲ್ಲಿ ಎತ್ತಿಕೊಂಡು ಕಾಗೆ ತೋರಿಸುತ್ತಾ ತಿನ್ನಿಸುತ್ತಾರೆ. ಮಳೆ ಬಂದರೆ ಮೊಬೈಲ್ ತೋರಿಸುತ್ತೇವೆ. ಹನ್ನೊಂದಕ್ಕೆ ಹಾಲು ಬಿಸ್ಕಿಟ್, ಒಂದು ಗಂಟೆಗೆ ಊಟ. ಅವರು ಬಯ್ಯಲಿಲ್ಲ. "ಒಂದು ದಿನ ಮಧ್ಯಾಹ್ನ ಬಂದು ಇಲ್ಲಿ ಊಟ ಮಾಡೋದನ್ನ ನೋಡಿ" ಅಂದರು, ಅಷ್ಟೇ.

ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಮನೆಯಲ್ಲಿ ಹೆಸರುಕಾಳು ಕಂಡರೆ ಮುಖ ತಿರುಗಿಸುವ ಮಗು ಅಲ್ಲಿ ಹೆಸರುಕಾಳಿನ ಕಿಚಡಿ ತಿನ್ನುತ್ತಿದ್ದಳು. ಅವಳದೇ ಕೈಯಲ್ಲಿ. ಚಾಪೆ ಮೇಲೆ ಎಲ್ಲರೂ ಸುತ್ತ ಕೂತಿದ್ದರು. ಪಕ್ಕದಲ್ಲಿದ್ದ ಹುಡುಗ ಎರಡನೇ ಸಲ ಹಾಕಿಸಿಕೊಂಡ. ಇವಳೂ ಬಟ್ಟಲು ಚಾಚಿದಳು. ಅರ್ಧ ಕೆಳಗೆ ಚೆಲ್ಲಿತು. ಯಾರೂ ಏನೂ ಹೇಳಲಿಲ್ಲ. ಊಟ ಮುಗಿದ ಮೇಲೆ ಒಂದು ಸಣ್ಣ ಬಟ್ಟೆ ಕೊಟ್ಟರು, ಅವಳೇ ಒರೆಸಿದಳು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು.

ಮನೆಯಲ್ಲಿ ಇದನ್ನು ತರಲು ಒಂದು ತಿಂಗಳು ಬೇಕಾಯಿತು. ಮೊಬೈಲ್ ನಿಲ್ಲಿಸಿದ ಮೊದಲ ಮೂರು ದಿನ ದೊಡ್ಡ ಗಲಾಟೆ. ಅಮ್ಮನಿಗೆ ಬೇಜಾರೂ ಆಯಿತು. "ನಿನ್ನನ್ನು ಹೀಗೇ ಸಾಕಿದ್ದು, ನೀನೇನು ಸಣ್ಣ ಆಗಿದ್ದೀಯಾ?" ಅಂದರು. ಅವರ ಮಾತಿನಲ್ಲೂ ಸತ್ಯ ಇತ್ತು. ನನ್ನ ಕಾಲದಲ್ಲಿ ಅಂಗಳದಲ್ಲಿ ಇನ್ನೂ ಆರು ಮಕ್ಕಳಿದ್ದರು, ಎದುರಿಗೆ ಮೊಬೈಲ್ ಇರಲಿಲ್ಲ. ನಾವು ಮಾಡಿದ್ದು ಇಷ್ಟೇ. ರಾತ್ರಿ ಎಲ್ಲರೂ ಕೆಳಗೆ ಚಾಪೆ ಹಾಕಿ ಒಟ್ಟಿಗೆ ಕೂತೆವು. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ. ಸಂಜೆ ಬಿಸ್ಕಿಟ್ ಬದಲು ಶೇಂಗಾ ಪುಡಿ ಮಾಡಿ ಬೆಲ್ಲ ಸೇರಿಸಿದ ಉಂಡೆ. ನಾಲ್ಕು ತಿಂಗಳಲ್ಲಿ ಗೆರೆ ಮತ್ತೆ ಮೇಲಕ್ಕೆ ಹೋಯಿತು.

ಅಮ್ಮನ ಬೇಜಾರು ಹೋದದ್ದು ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ. ಅಜ್ಜಿಯರನ್ನು ಕರೆದುಕೊಂಡು ಬನ್ನಿ ಅಂತ ಟೀಚರ್ ಹೇಳಿದ್ದರು. ಅಮ್ಮ ಅಟ್ಟದಲ್ಲಿದ್ದ ಚೆನ್ನೆಮಣೆ ಇಳಿಸಿ, ಒರೆಸಿ, ಮಂಜೊಟ್ಟಿ ಕಾಯಿ ಕಟ್ಟಿಕೊಂಡು ಆಟೋದಲ್ಲಿ ಹೊರಟರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ತುಳುವಿನಲ್ಲೇ ಎಣಿಸುತ್ತಾ ಹಾಕಿದರು. ಮಕ್ಕಳು ಸುತ್ತ ಕೂತು ಒಟ್ಟಿಗೆ ಎಣಿಸಿದರು. ಮೂರು ವರ್ಷದವರ ಕೈಗೆ ಮಾತ್ರ ಕಾಯಿ ಕೊಡಲಿಲ್ಲ, ಬಾಯಿಗೆ ಮೂಗಿಗೆ ಹಾಕಿಕೊಳ್ಳುತ್ತಾರೆ ಅಂತ. ಅವರಿಗೆ ತೆಂಗಿನ ಗೆರಟೆ. ಅವತ್ತಿನಿಂದ ಅಮ್ಮ ಟೀಚರ್ ಪರ.

ಭಾಷೆ ವಿಷಯ ಕೇಳುವವರಿಗೆ ಒಂದು ಮಾತು. ನಮ್ಮ ಬಾಲವಾಡಿಯಲ್ಲಿ ತುಳು ಮಕ್ಕಳಿದ್ದಾರೆ, ಕೊಂಕಣಿಯವರಿದ್ದಾರೆ, ಬ್ಯಾರಿ ಮಾತಾಡುವ ಮನೆಯ ಮಕ್ಕಳಿದ್ದಾರೆ, ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಟೀಚರ್ ಅಳುವ ಮಗುವಿನ ಹತ್ತಿರ ಮೊದಲು ಅದರ ಮನೆಮಾತಿನಲ್ಲಿ ನಾಲ್ಕು ಶಬ್ದ ಆಡುತ್ತಾರೆ. ಕನ್ನಡ ನಿಧಾನಕ್ಕೆ ಬರುತ್ತದೆ. ಮಗಳು ಈಗ ಗದಗದ ಗೆಳತಿಯ ಹಾಗೆ "ಹೌದಲ್ರೀ" ಅನ್ನುತ್ತಾಳೆ. ನನಗೆ ಅದು ಕೇಳಲು ತುಂಬಾ ಇಷ್ಟ.

ಬರೆಯಲು ಕಲಿಸುವುದಿಲ್ಲ ಅಂತ ದೂರುವವರು ಬಹಳ. ಮೊದಲು ನಾನೂ ಕೇಳಿದ್ದೆ. ಪಕ್ಕದ ಮನೆಯ ಮಗು ನಾಲ್ಕು ವರ್ಷಕ್ಕೇ ಎ ಬಿ ಸಿ ಡಿ ಬರೆಯುತ್ತಿತ್ತು. ಬೆರಳಿಗೆ ಬಲ ಬರುವ ಮೊದಲು ಪೆನ್ಸಿಲ್ ಹಿಡಿಸಿದರೆ ಮಗುವಿಗೆ ಬರೆಯುವುದೇ ಬೇಡ ಅನ್ನಿಸುತ್ತದೆ ಅಂತ ಟೀಚರ್ ಹೇಳಿದರು. ಮಣ್ಣು ಕಲಸುವುದು, ಕಾಗದ ಹರಿದು ಅಂಟಿಸುವುದು, ಅಬ್ಬಲಿಗೆ ಹೂ ಪೋಣಿಸುವುದು, ಇವೆಲ್ಲ ಬರವಣಿಗೆಯ ತಯಾರಿಯೇ. ಒಂದನೇ ಕ್ಲಾಸಿನಲ್ಲಿ ಅವಳು ಎರಡು ತಿಂಗಳಲ್ಲಿ ಅಕ್ಷರ ಹಿಡಿದಳು. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ನಮ್ಮವಳಿಗೆ ಆಯಿತು.

ಅಪ್ಪಂದಿರು ಒಳಗೆ ಬಂದರೆ ಏನಾಗುತ್ತದೆ ಅಂತ ನಾನು ಕಂಡದ್ದು 2023ರ ಅಷ್ಟಮಿಗೆ ಮೊದಲು. ಕೃಷ್ಣಾಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ವಿಟ್ಲಪಿಂಡಿಯ ಹುಲಿವೇಷ ಅಂದರೆ ನಮಗೆಲ್ಲ ಹಬ್ಬ, ಸಣ್ಣ ಮಕ್ಕಳಿಗೆ ಭಯ. ಹುಲಿ ಕುಣಿತಕ್ಕೆ ಬಾರಿಸುವ ತಾಸೆಯ ಸದ್ದು ಕೇಳಿದರೆ ಮಗಳು ಮಂಚದ ಅಡಿಗೆ ಹೋಗುತ್ತಿದ್ದಳು. ಒಬ್ಬ ಹುಡುಗನ ಅಪ್ಪ ಹುಲಿಗಳಿಗೆ ಬಣ್ಣ ಹಾಕುವವರು. ಅವರನ್ನು ಕರೆದೆವು. ಅವರು ಬ್ರಶ್ಶು, ಬಣ್ಣ ಹಿಡಿದು ಬಂದು ಮಕ್ಕಳ ನಡುವೆ ಕೂತರು. ಮೊದಲು ತನ್ನ ಕೈಗೆ ಹಳದಿ ಬಳಿದರು. ಆಮೇಲೆ ಕಪ್ಪು ಪಟ್ಟೆ ಎಳೆದರು. "ಮುಟ್ಟಿ ನೋಡಿ, ಮಾಮನ ಕೈಯೇ ಅಲ್ವಾ?" ಅಂದರು. ಒಬ್ಬೊಬ್ಬರಾಗಿ ಮುಟ್ಟಿದರು. ಕೊನೆಗೆ ಮಗಳೂ ಒಂದು ಬೆರಳು ತಾಗಿಸಿದಳು. ಆ ವರ್ಷ ರಥಬೀದಿಯಲ್ಲಿ ನನ್ನ ಹೆಗಲ ಮೇಲೆ ಕೂತು ಹುಲಿ ಕುಣಿತ ನೋಡಿದಳು. ಎಷ್ಟು ದುಡ್ಡು ಕೊಟ್ಟರೆ ಇಂಥದ್ದು ಸಿಗುತ್ತದೆ ಹೇಳಿ?

ಇನ್ನು ನಾನು ಕಡಿಮೆ ಮಾಡಿದ ಒಂದು ಸ್ಟಾರ್ ವಿಷಯ. ಕಟ್ಟಡ ಹಳೆಯದು. ಮೊದಲ ಮಳೆಗಾಲದಲ್ಲಿ ಮೂರು ಕಡೆ ಸೋರುತ್ತಿತ್ತು, ಶೌಚಾಲಯದ ಚಿಲಕ ಮುರಿದಿತ್ತು. ಅರ್ಜಿ ಕೊಟ್ಟು ಕಾದೆವು. ಕೊನೆಗೆ ಒಂದು ಭಾನುವಾರ ನಾವು ಐದು ಜನ ಅಪ್ಪಂದಿರು ಹಂಚು ಸರಿ ಮಾಡಿ, ಚರಂಡಿ ಬಿಡಿಸಿದೆವು. ಚಿಲಕ ನಾನೇ ಅಂಗಡಿಯಿಂದ ತಂದೆ. ಶ್ರಮದಾನ ಖುಷಿಯಿಂದಲೇ ಮಾಡಿದ್ದು, ಆದರೆ ಮಕ್ಕಳಿರುವ ಕಟ್ಟಡ ಸೋರದಂತೆ ನೋಡಿಕೊಳ್ಳುವುದು ಪೋಷಕರ ಭಾನುವಾರದ ಮೇಲೆ ನಿಲ್ಲಬಾರದು. ಎರಡನೇ ವರ್ಷ ಸಹಾಯಕಿ ನಿವೃತ್ತಿಯಾದ ಮೇಲೆ ಐದು ತಿಂಗಳು ಹೊಸಬರು ಬರಲಿಲ್ಲ. ಅಡುಗೆ, ಪಾಠ, ಕೈ ತೊಳೆಸುವುದು, ಎಲ್ಲವೂ ಟೀಚರ್ ಒಬ್ಬರ ಮೇಲೆ. ದಿನಕ್ಕೆ ಇಬ್ಬರು ಪೋಷಕರು ಪಾಳಿ ಹಾಕಿಕೊಂಡು ತರಕಾರಿ ಹೆಚ್ಚಿ ಕೊಟ್ಟೆವು. ನಡುವೆ ಕೆಲವು ವಾರ ಮೊಟ್ಟೆ ಬರಲಿಲ್ಲ.

ಟೀಚರ್ ಕೆಲಸದ ಬಗ್ಗೆ ಹೊರಗಿನವರಿಗೆ ಅಂದಾಜೇ ಇಲ್ಲ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) 1975ರ ಅಕ್ಟೋಬರ್ 2ರಂದು ಶುರುವಾದಾಗಿನಿಂದ ಇದರಲ್ಲಿ ಆರು ಸೇವೆಗಳಿವೆ: ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಆಹಾರ ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಪಾಠ ಅದರಲ್ಲಿ ಒಂದು. ಜೊತೆಗೆ ಮನೆ ಭೇಟಿ, ಸರ್ವೆ, ಮೊಬೈಲ್‌ನಲ್ಲಿ ದಾಖಲೆ ತುಂಬುವುದು. ಸಿಗುವುದು ಸಂಬಳ ಅಲ್ಲ, ಗೌರವಧನ. ಮಳೆ ಬಂದು ನೆಟ್‌ವರ್ಕ್ ಹೋದಾಗ ಅವರು ಫೋನ್ ಹಿಡಿದು ಅಂಗಳಕ್ಕೆ ಬಂದು ನಿಲ್ಲುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಳಗೆ ಇಪ್ಪತ್ತು ಮಕ್ಕಳು ಕಾಯುತ್ತಿರುತ್ತಾರೆ.

ಇಬ್ಬರಿಗೂ ಸಂಜೆ ಆರರವರೆಗೆ ಕೆಲಸ ಇದ್ದು, ಮನೆಯಲ್ಲಿ ಹಿರಿಯರಿಲ್ಲ ಅಂದರೆ ಇದು ಕಷ್ಟ. ನಾಲ್ಕು ಗಂಟೆಗೆ ಮುಗಿಯುತ್ತದೆ. ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೆ ಬೆಳಿಗ್ಗೆ ಎದ್ದ ಮೇಲೆ ಗೊತ್ತಾಗುವುದೂ ಉಂಟು. ಮಗುವನ್ನು ಯಾರಾದರೂ ನೋಡಿಕೊಳ್ಳುವ ಏರ್ಪಾಡು ಮೊದಲೇ ಮಾಡಿಕೊಳ್ಳಿ.

ಸೇರಿಸುವವರಿಗೆ ಇನ್ನೆರಡು ಮಾತು. ಮೂರು ವರ್ಷ ಆಗುವವರೆಗೆ ಕಾಯಬೇಡಿ. ಆರು ತಿಂಗಳ ಮಗುವಿನಿಂದಲೇ ಹೆಸರು ಬರೆಸಬಹುದು, ತೂಕ ನೋಡುತ್ತಾರೆ, ಮನೆಗೆ ಪುಷ್ಟಿ ಹಿಟ್ಟು ಕೊಡುತ್ತಾರೆ. ಬಾಲವಿಕಾಸ ಸಮಿತಿ ಅಂತ ಒಂದು ಇರುತ್ತದೆ, ಪೋಷಕರು ಅದರಲ್ಲಿ ಸೇರಬಹುದು, ಕೇಳಿ ಸೇರಿಕೊಳ್ಳಿ. ನಮ್ಮಲ್ಲಿ ಸೋರುವ ಹಂಚಿನ ಮಾತು ಎದ್ದದ್ದು ಅಲ್ಲೇ. ಮತ್ತೆ ಅಪ್ಪಂದಿರೇ, ತಾಯಂದಿರ ಸಭೆ ಅಂತ ಬೋರ್ಡ್ ನೋಡಿ ಹಿಂದೆ ಸರಿಯಬೇಡಿ. ಆ ಹೆಸರನ್ನು ಪೋಷಕರ ಸಭೆ ಅಂತ ಬದಲಿಸಬೇಕು ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಕಳೆದ ತಿಂಗಳ ಸಭೆಗೆ ನಾವು ನಾಲ್ಕು ಜನ ಗಂಡಸರಿದ್ದೆವು.

ನಮ್ಮ ಎರಡನೇ ಮಗು ಗಂಡು, ಅವನಿಗೆ ಈಗ ಎರಡು ವರ್ಷ ಎರಡು ತಿಂಗಳು. ಬೆಳಿಗ್ಗೆ ಅವನನ್ನು ಎತ್ತಿಕೊಂಡು ಹೋಗಿ ಹತ್ತು ನಿಮಿಷ ಅಲ್ಲಿ ಚಾಪೆ ಮೇಲೆ ಕೂರುತ್ತೇನೆ, ಸೇರುವ ಹೊತ್ತಿಗೆ ಜಾಗ ಪರಿಚಯ ಇರಲಿ ಅಂತ. ಕಳೆದ ಸಲ ತೂಕ 10.8 ಇತ್ತು. ಈ ಶುಕ್ರವಾರ ಮತ್ತೆ ನೋಡುತ್ತಾರೆ.