ಕಾಫಿ ಕಣದಲ್ಲಿ ಮೂರು ದಿನದ ಮದುವೆ: ಜಾಗಕ್ಕೆ ನಾಲ್ಕು ಸ್ಟಾರ್, ಮಾಹಿತಿಗೆ ಒಂದೂವರೆ

ತಂಗಿ ಮದುವೆಯನ್ನು ಮೇ ಮೊದಲ ವಾರ ಸಕಲೇಶಪುರದ ಆಚೆ ಒಂದು ಎಸ್ಟೇಟ್ ಹೋಂಸ್ಟೇಯಲ್ಲಿ ಮಾಡಿದೆವು. ಚಪ್ಪರದ ದಿನ, ಧಾರೆ, ಬೀಗರೂಟ, ಮೂರೂ ಅಲ್ಲೇ. ಇನ್ನೂರು ಜನ, ಅದರಲ್ಲಿ ಎಪ್ಪತ್ತು ಜನ ರಾತ್ರಿ ಅಲ್ಲೇ ಉಳಿದವರು. ಹೋಂಸ್ಟೇ ಹೆಸರು ಹಾಕುತ್ತಿಲ್ಲ, ಜನ ಒಳ್ಳೆಯವರು, ಜಗಳ ಬೇಡ. ಆದರೆ ತೋಟದಲ್ಲಿ ಮದುವೆ ಮಾಡಬೇಕು ಅಂತಿರುವವರು ಇದನ್ನು ಓದಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.

ಮೊದಲು ಜಾಗ. ಕಾಫಿ ಒಣಗಿಸುವ ಕಣವೇ ಮಂಟಪ. ಕೊಯ್ಲು ಮುಗಿದು ಮೂಟೆಗಳೆಲ್ಲ ಹೋದ ಮೇಲೆ ಏಪ್ರಿಲ್, ಮೇನಲ್ಲಿ ಕಣ ಖಾಲಿ ಇರುತ್ತದೆ. ಅಷ್ಟು ದೊಡ್ಡ ಸಮತಟ್ಟು ಜಾಗ ಮಲೆನಾಡಲ್ಲಿ ಬೇರೆಲ್ಲಿ ಸಿಗಬೇಕು ಹೇಳಿ. ಸುತ್ತ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಹಳ್ಳ. ಡೆಕೊರೇಷನ್‌ನವರು ಬೆಂಗಳೂರಿಂದ ತಂದು ನಿಲ್ಲಿಸಿದ ಹೂವಿನ ಗೋಡೆ ದಂಡ. ಹಿಂದಿನ ಬೆಟ್ಟ ಮುಚ್ಚಿಹೋಯಿತು, ಅಷ್ಟೇ.

ಇನ್ನು ಮಾಹಿತಿ. ಬುಕ್ ಮಾಡಿದ ಮೇಲೆ "ಅತಿಥಿಗಳಿಗೆ ಮಾಹಿತಿ" ಅಂತ ನಾಲ್ಕು ಪುಟದ ಪಿಡಿಎಫ್ ಕಳಿಸಿದರು. ಎಲ್ಲ ನೆಂಟರಿಗೂ ಅದನ್ನೇ ಫಾರ್ವರ್ಡ್ ಮಾಡಿ ಅಂದರು, ನಾನೂ ಸುಮ್ನೆ ಮಾಡಿದೆ. ಅದೇ ತಪ್ಪು. ನೋಡಲು ಬಹಳ ಚೆಂದ. ಮೊದಲ ಪುಟದಲ್ಲಿ ಮಂಜು, ಎರಡನೆಯದರಲ್ಲಿ ಮಂಜರಾಬಾದ್ ಕೋಟೆ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ, ಹೀಗೆ ಅರ್ಧ ಪುಟ. ಕೋಟೆ ನೋಡುವಂಥದ್ದೇ, ಸುಳ್ಳಲ್ಲ. ಆದರೆ ಮಂಡಿನೋವಿನ ದೊಡ್ಡಮ್ಮನಿಗೆ ಬೇಕಾಗಿದ್ದು ಕೋಟೆಯ ಇಸವಿ ಅಲ್ಲ. ರೂಮಿಂದ ಕಣಕ್ಕೆ ಎಷ್ಟು ಮೆಟ್ಟಿಲು ಅನ್ನುವುದು ಎಲ್ಲೂ ಇರಲಿಲ್ಲ. ನಲವತ್ತೊಂದು. ದೊಡ್ಡಮ್ಮನ ಕೈ ಹಿಡಿದು ಇಳಿಸುತ್ತಾ ನಾನೇ ಎಣಿಸಿದ್ದು. ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ.

ದಾರಿ ಬಗ್ಗೆ ಬೆಂಗಳೂರಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 75, ಅಂತ ಬರೆದಿದ್ದರು. ಅಲ್ಲಿಯವರೆಗೆ ಯಾರು ಬೇಕಾದರೂ ಬರುತ್ತಾರೆ. ಆಮೇಲಿನ ಹದಿನೆಂಟು ಕಿಲೋಮೀಟರಿನದೇ ಕಥೆ. ಫೋನಿನ ಮ್ಯಾಪ್ ನಂಬಿದವರನ್ನೆಲ್ಲ ಅದು ತೋಟದ ಹಿಂದಿನ ಗೇಟಿಗೆ ಕರೆದುಕೊಂಡು ಹೋಯಿತು. ಅಲ್ಲಿ ಗೇಟಿಗೆ ಬೀಗ, ನೆಟ್‌ವರ್ಕ್ ಇಲ್ಲ, ಗಾಡಿ ತಿರುಗಿಸಲು ಜಾಗವೂ ಇಲ್ಲ. ಗಂಡಿನ ಕಡೆಯ ಟೆಂಪೋ ಟ್ರಾವೆಲರ್ ಮುಕ್ಕಾಲು ಗಂಟೆ ಬರೀ ರಿವರ್ಸ್‌ನಲ್ಲಿ ಬಂತು. ಬೀಗರು ಇಳಿದಾಗ ಅವರ ಮುಖ ನೋಡಬೇಕಿತ್ತು. ಕೊನೆಯ ಮೂರು ಕಿಲೋಮೀಟರ್ ಜೀಪ್ ಮಾತ್ರ ಹತ್ತುತ್ತದೆ ಅನ್ನುವುದನ್ನು ಪಿಡಿಎಫ್‌ನಲ್ಲಿ "ಮೋಜಿನ ಜೀಪ್ ಸವಾರಿ" ಅಂತ ಹಾಕಿದ್ದರು. ಶಿರಾಡಿ ಘಾಟಿ ಹತ್ತಿ ಬಂದ ಪುತ್ತೂರಿನ ನೆಂಟರಿಗೆ ಅಷ್ಟೊತ್ತಿಗಾಗಲೇ ತಲೆ ಸುತ್ತುತ್ತಿತ್ತು, ಇನ್ನೆಲ್ಲಿಯ ಮೋಜು.

ಮಳೆ ಬಗ್ಗೆ ಇದ್ದದ್ದು "ಬೇಸಿಗೆಯಲ್ಲೂ ತಂಪು" ಅಂತ ಒಂದೇ ಸಾಲು. ಮೇ ಮೊದಲ ವಾರ ಅಂದರೆ ಭರಣಿ ಮಳೆ ಕಣೋ ಅಂತ ಅಜ್ಜಿ ನನ್ನ ತಮ್ಮನಿಗೆ ಮೊದಲೇ ಹೇಳಿದ್ದರು. ಅವನು ಫೋನ್ ತೋರಿಸಿ ಬರಲ್ಲ ಅಂದ. ಚಪ್ಪರದ ದಿನ ಸಂಜೆ ನಾಲ್ಕೂವರೆಗೆ ಕಣದಲ್ಲಿ ಹಾಸಿಗೆ ಹಾಕಿ ಹೆಂಗಸರೆಲ್ಲ ಮೆಹೆಂದಿಗೆ ಕೂತಿದ್ದರು. ಬಿಸಿಲು ಚೆನ್ನಾಗಿಯೇ ಇತ್ತು. ತೋಟದ ರೈಟ್ರು, ಅಂದರೆ ಲೆಕ್ಕ ಮತ್ತು ಆಳುಗಳ ಹಾಜರಿ ನೋಡಿಕೊಳ್ಳುವವರು, ಪಡುವಣ ದಿಕ್ಕು ನೋಡಿ ನನ್ನ ಹತ್ತಿರ ಬಂದು "ಅಕ್ಕ, ಹಾಸಿಗೆ ಎತ್ತಿಸಿಬಿಡಿ, ಅರ್ಧ ಗಂಟೇಲಿ ಹೊಡೀತದೆ" ಅಂದರು. ನಾನು ನಕ್ಕೆ. ಇಪ್ಪತ್ತೇ ನಿಮಿಷ. ಗುಡುಗು, ಗಾಳಿ, ಆಮೇಲೆ ಆಲಿಕಲ್ಲು. ಎರಡೂ ಕೈ ತುಂಬ ಹಸಿ ಮೆಹೆಂದಿ ಹಾಕಿಕೊಂಡವರು ಏನನ್ನೂ ಮುಟ್ಟುವ ಹಾಗಿಲ್ಲ, ಕೈ ಮೇಲೆತ್ತಿಕೊಂಡು ಮೆಟ್ಟಿಲ ಕಡೆ ಓಡುತ್ತಿದ್ದಾರೆ, ನಮ್ಮ ಹುಡುಗರು ಸುಮ್ಮನೆ ನಿಂತಿದ್ದಾರೆ. ಅಷ್ಟರಲ್ಲಿ ಲೈನ್ ಮನೆಯಿಂದ, ಅಂದರೆ ತೋಟದ ಆಳುಗಳ ಸಾಲುಮನೆಯಿಂದ, ಆರೇಳು ಜನ ಬಂದು ನೀಲಿ ಟಾರ್ಪಾಲು ಎಳೆದು, ಮಂಟಪ, ಸ್ಪೀಕರು, ಕುರ್ಚಿ ಎಲ್ಲ ಮುಚ್ಚಿ, ಅಂಚಿಗೆ ಕಲ್ಲು ಹೇರಿಬಿಟ್ಟರು. ಐದು ನಿಮಿಷವೂ ಹಿಡಿಯಲಿಲ್ಲ. ಒಣಗಲು ಹರಡಿದ ಕಾಫಿಗೆ ಅಕಾಲ ಮಳೆ ಬಂದಾಗ ಇದನ್ನೇ ಮಾಡಿ ಅಭ್ಯಾಸ ಅವರಿಗೆ. ಈವೆಂಟ್ ಮ್ಯಾನೇಜರ್ ಅಷ್ಟೊತ್ತೂ ನೆಟ್‌ವರ್ಕ್ ಹುಡುಕುತ್ತಿದ್ದ.

ಮಳೆ ಬಂದ ಮೇಲೆ ಜಿಗಣೆ ಬರಲೇಬೇಕಲ್ಲ. ಮರುದಿನ ಧಾರೆ ಎರೆಯುವ ಹೊತ್ತಿಗೆ ಸೋದರಮಾವನ ಬಿಳಿ ರೇಷ್ಮೆ ಪಂಚೆ ಮೇಲೆ ಕೆಂಪು ಕಲೆ. ಬೆಳಿಗ್ಗೆ ಹುಲ್ಲಿನ ಮೇಲೆ ಫೋಟೊಗೆ ನಿಂತಿದ್ದರ ಫಲ. ಅಜ್ಜಿ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದರು, ಜಿಗಣೆ ಉದುರಿತು, ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ. ಉಪ್ಪು ಕಟ್ಟಿದ ಒಂದು ಸಣ್ಣ ಬಟ್ಟೆ ಗಂಟನ್ನು ರೂಮಿಗೊಂದರಂತೆ ಇಟ್ಟಿದ್ದರೆ ಸಾಕಿತ್ತು. ಹೀಲ್ಸ್ ಬೇಡ, ಬೆಲ್ಟ್ ಇರುವ ಚಪ್ಪಲಿ ತನ್ನಿ ಅಂತ ಒಂದು ಮಾತು ಸೇರಿಸಬಹುದಿತ್ತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆನೆ ವಿಷಯಕ್ಕೆ. ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ ಅಂತ ಪೇಪರ್ ಓದುವ ಎಲ್ಲರಿಗೂ ಗೊತ್ತು. ಆನೆ ಎಲ್ಲಿದೆ ಅಂತ ಅಲ್ಲಿಯವರ ಫೋನಿಗೆ ಮೆಸೇಜ್ ಬರುತ್ತದೆ. ಆರತಕ್ಷತೆ ದಿನ ರಾತ್ರಿ ಎಂಟಕ್ಕೆ ಹಾಗೇ ಒಂದು ಮೆಸೇಜ್ ಬಂತು, ಪಕ್ಕದ ತೋಟದಲ್ಲಿ ಗುಂಪು ಇದೆ ಅಂತ. ಜೀಪ್ ನಿಲ್ಲಿಸಿದರು. ನಮ್ಮ ಹನ್ನೊಂದು ಜನ ಕೆಳಗೆ ಅಂಗಡಿ ಹತ್ತಿರವೇ ಒಂದೂವರೆ ಗಂಟೆ ಕೂತರು. ನಿಲ್ಲಿಸಿದ್ದು ಸರಿ, ನೂರಕ್ಕೆ ನೂರು ಸರಿ. ಆದರೆ ಅದರ ಹಿಂದಿನ ರಾತ್ರಿ ನಮ್ಮ ಹುಡುಗರು ಸಿಗರೇಟು ಸೇದಲು ಅದೇ ರಸ್ತೆಯಲ್ಲಿ ಟಾರ್ಚೂ ಇಲ್ಲದೆ ನಡೆದು ಹೋಗಿದ್ದರಲ್ಲ, ಆಗ ಯಾರೂ ಯಾಕೆ ಹೇಳಲಿಲ್ಲ? ಕೇಳಿದರೆ ಮಾಲೀಕರು "ಹೇಳಿದ್ರೆ ಗೆಸ್ಟ್‌ಗಳು ಹೆದರ್ತಾರೆ ಮೇಡಂ" ಅಂದರು. ಹೆದರಲಿ ಬಿಡಿ, ಒಳಗಿರುತ್ತಾರೆ.

ಊಟಕ್ಕೆ ಎರಡು ಮಾತಿಲ್ಲ. ಬೀಗರೂಟದ ದಿನದ ಕಡುಬು, ನಾಟಿ ಕೋಳಿ ಸಾರು, ಸೌದೆ ಒಲೆ ಮೇಲೆ ಮಾಡಿದ್ದು. ಕಡುಬು ಹಬೆಯಿಂದ ಇಳಿಸಿ ಹಾಗೇ ಎಲೆಗೆ ಹಾಕುತ್ತಿದ್ದರು. ಮಾವಿನಹಣ್ಣಿನ ಗೊಜ್ಜು ಖಾಲಿಯಾದಾಗ ಜನ ಬೇಜಾರು ಮಾಡಿಕೊಂಡರು. ಸ್ನಾನಕ್ಕೆ ಹಂಡೆ ನೀರು, ಬೆಳಿಗ್ಗೆ ಐದಕ್ಕೇ ಕುದಿಯುತ್ತಿತ್ತು. ಕರೆಂಟು ಎರಡು ಸಲ ಹೋಯಿತು, ಜನರೇಟರ್ ಇದೆ, ಆದರೆ ಡೀಸೆಲ್ ದುಡ್ಡು ಬೇರೆ. ಸ್ಪೀಕರ್ ರಾತ್ರಿ ಹತ್ತಕ್ಕೆ ಬಂದ್, ಅದು ಕಾನೂನು, ಡಿಜೆ ಹುಡುಗನಿಗೆ ಮೊದಲೇ ಹೇಳಿಡಿ.

ನೀವೂ ಅಲ್ಲಿ ಮಾಡುವುದಾದರೆ ಅವರ ಪಿಡಿಎಫ್ ಕಳಿಸಬೇಡಿ. ವಾಟ್ಸಾಪಿನಲ್ಲಿ ನೀವೇ ಕನ್ನಡದಲ್ಲಿ ಬರೆಯಿರಿ. ಯಾವ ತಿರುವಿನಲ್ಲಿ ಎಡಕ್ಕೆ, ಗಾಡಿ ಎಲ್ಲಿ ಬಿಡಬೇಕು, ಜೀಪ್ ಎಷ್ಟೊತ್ತಿನವರೆಗೆ, ಯಾವ ಸಿಮ್ ಹಿಡಿಯುತ್ತದೆ (ನಮಗೆ ಬಿಎಸ್ಎನ್ಎಲ್ ಮಾತ್ರ, ಅದೂ ಕಣದ ಮೂಲೆಯಲ್ಲಿ), ಕತ್ತಲಾದ ಮೇಲೆ ಗೇಟು ದಾಟಬಾರದು, ಸ್ವೆಟರ್, ಕೊಡೆ, ಮೂರು ದಿನಕ್ಕೆ ಆಗುವಷ್ಟು ಬಿಪಿ ಶುಗರ್ ಮಾತ್ರೆ. ಇನ್ಸುಲಿನ್ ಇಡಲು ಅಡುಗೆಮನೆ ಫ್ರಿಜ್ಜಿನಲ್ಲಿ ಜಾಗ ಕೇಳಿ, ಕೊಡುತ್ತಾರೆ. ವಯಸ್ಸಾದವರಿಗೆ ಕಣದ ಮಟ್ಟದಲ್ಲೇ ಇರುವ ಎರಡು ರೂಮು ಹಿಡಿದಿಡಿ, ಅವುಗಳ ವಿಷಯ ನಮಗೆ ಮೂರನೇ ದಿನ ಗೊತ್ತಾಯಿತು. ಬರೆದದ್ದನ್ನು ಒಮ್ಮೆ ರೈಟ್ರಿಗೆ ಓದಿ ಹೇಳಿ, ಬಿಟ್ಟುಹೋದದ್ದನ್ನು ಅವರು ಸೇರಿಸುತ್ತಾರೆ.

ಡೆಪಾಸಿಟ್ ಹತ್ತು ದಿನಕ್ಕೆ ವಾಪಸ್ ಬಂತು, ಒದ್ದೆಯಾದ ನಾಲ್ಕು ಹಾಸಿಗೆಯ ದುಡ್ಡು ಹಿಡಿದುಕೊಂಡು.