ಹಿಮಕರಡಿ ನೋಡಲು ಮೂರು ದಾರಿ: ಗಾಡಿ, ಕಾಲ್ನಡಿಗೆ, ಹಡಗು

ನಾವು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್‌ಗೆ ಬಂದು ಹತ್ತು ವರ್ಷ ದಾಟಿತು. ಹಾಸನದಿಂದ ಯಾರೇ ಫೋನ್ ಮಾಡಿದರೂ ಮೊದಲು ಚಳಿ ಎಷ್ಟು ಅಂತ ಕೇಳುತ್ತಾರೆ, ಆಮೇಲೆ ಹಿಮಕರಡಿ. "ನಿಮ್ಮ ಮ್ಯಾನಿಟೋಬಾದಲ್ಲೇ ಇವೆಯಂತಲ್ಲ, ನೋಡೋಕೆ ಹೇಗೆ ಹೋಗೋದು?" ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. 2019ರಿಂದ ಈಚೆಗೆ ನಾನು ನಾಲ್ಕು ಸಲ ಹೋಗಿದ್ದೇನೆ. ಎರಡು ಸಲ ಇದೇ ಪ್ರಾಂತ್ಯದ ಉತ್ತರದ ಚರ್ಚಿಲ್ ಊರಿನಲ್ಲಿ, ಟುಂಡ್ರಾದಲ್ಲಿ ಅಂದರೆ ಮರಗಳಿಲ್ಲದ ಹಿಮಬಯಲಿನಲ್ಲಿ ಓಡುವ ದೊಡ್ಡ ಚಕ್ರದ ಗಾಡಿಯಲ್ಲಿ. ಒಂದು ಸಲ ಹಡ್ಸನ್ ಕೊಲ್ಲಿಯ ದಡದ ಲಾಡ್ಜ್‌ನಲ್ಲಿ ಉಳಿದು ಕಾಲ್ನಡಿಗೆಯಲ್ಲಿ. ಇನ್ನೊಂದು ಸಲ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಹಡಗಿನಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ಮೂರೂ ದುಬಾರಿ, ಹಾಗಾಗಿ ತಪ್ಪು ಆಯ್ಕೆ ಮಾಡಿಕೊಂಡರೆ ಹೊಟ್ಟೆ ಉರಿಯುತ್ತದೆ.

ಒಂದು ವಿಷಯ ಮೊದಲೇ ಹೇಳಬೇಕು. ಚರ್ಚಿಲ್ ಹತ್ತಿರ ಕರಡಿಗಳು ಸೇರುವುದು ಹಸಿವಿನಿಂದ. ಅವುಗಳ ಊಟ ಸೀಲ್ ಅನ್ನುವ ಕಡಲಪ್ರಾಣಿ. ಸೀಲ್ ಹಿಡಿಯಲು ಹೆಪ್ಪುಗಟ್ಟಿದ ಕಡಲು ಬೇಕು. ಬೇಸಿಗೆಯಲ್ಲಿ ಕೊಲ್ಲಿಯ ಮಂಜುಗಡ್ಡೆ ಕರಗಿದ ಮೇಲೆ ಅವು ದಡಕ್ಕೆ ಬರುತ್ತವೆ, ತಿಂಗಳುಗಟ್ಟಲೆ ಹೆಚ್ಚು ಕಡಿಮೆ ಉಪವಾಸ ಇರುತ್ತವೆ. ದಿನಕ್ಕೆ ಸುಮಾರು 1 ಕೆ.ಜಿ. ತೂಕ ಇಳಿಯುತ್ತದೆ. ಚರ್ಚಿಲ್ ನದಿಯ ಸಿಹಿನೀರು ಕಡಲಿಗೆ ಸೇರುವ ಜಾಗದಲ್ಲಿ ನೀರು ಬೇಗ ಗಟ್ಟಿಯಾಗುತ್ತದೆ. ಅದಕ್ಕೇ ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಬಂದು ಕಾಯುತ್ತವೆ. ಹಾಗಾಗಿ ಕರಡಿ ಎಷ್ಟು ಹತ್ತಿರ ಕಂಡಿತು ಅನ್ನುವುದೊಂದೇ ನನ್ನ ಅಳತೆಯಲ್ಲ. ನಮ್ಮ ಕಾರಣಕ್ಕೆ ಅದು ಎದ್ದು ಹೋಗಬೇಕಾಯಿತಾ? ಇದನ್ನೂ ನೋಡುತ್ತೇನೆ. ಉಪವಾಸದ ಜೀವ ನಮ್ಮಿಂದಾಗಿ ಹತ್ತು ಹೆಜ್ಜೆ ಓಡಿದರೂ ಮೈಯಲ್ಲಿ ಉಳಿಸಿಕೊಂಡ ಕೊಬ್ಬನ್ನೇ ಖರ್ಚು ಮಾಡಬೇಕು.

ಮೊದಲ ಸಲ ಹೋದದ್ದು 2019ರ ಅಕ್ಟೋಬರ್ ಮೊದಲ ವಾರ. ಆಗಲೂ ಚೆನ್ನಾಗಿಯೇ ಕಾಣುತ್ತವೆ ಅಂತ ಒಬ್ಬ ಏಜೆಂಟ್ ಹೇಳಿದ್ದರು. ಅದನ್ನು ನಂಬಿ ಹೋದೆವು. ನೆಲದಲ್ಲಿ ಹಿಮ ಇರಲಿಲ್ಲ. ಇಡೀ ದಿನ ಗಾಡಿಯಲ್ಲಿ ಕೂತು ಕಂಡದ್ದು ಎರಡೇ ಕರಡಿ, ಎರಡೂ ದೂರದ ವಿಲೋ ಪೊದೆಗಳಲ್ಲಿ ಮಲಗಿದ್ದವು. ನನ್ನ ಯಜಮಾನರು ಬೈನಾಕ್ಯುಲರ್ ಕೆಳಗಿಟ್ಟು, "ಬಂಡೆ ಇರಬಹುದು ಕಣೇ" ಅಂದರು. ಬಂಡೆ ಅಲ್ಲ, ಕರಡಿಯೇ. ಆದರೆ ಅಷ್ಟು ದುಡ್ಡು ಕೊಟ್ಟು ಹೋದವರಿಗೆ ಅದು ಸಾಲದು, ಅಲ್ವಾ?

ಎರಡನೆಯ ಸಲ 2022ರ ನವೆಂಬರ್ ಮೊದಲ ವಾರ. ಅಮ್ಮ ಊರಿಂದ ಬಂದಿದ್ದರು, ವಯಸ್ಸು 68, ಮಂಡಿ ನೋವು ಬೇರೆ. ಅದೇ ಗಾಡಿ, ಅದೇ ದಾರಿ, ಆದರೆ ಬೇರೆಯೇ ಲೋಕ. ಎಲ್ಲೆಡೆ ಬಿಳಿ. ಆ ಬಿಳಿಯ ಮೇಲೆ ಕರಡಿ ಬೆಳ್ಳಗೆ ಕಾಣುವುದಿಲ್ಲ, ಬೆಣ್ಣೆ ಕಾಯಿಸುವಾಗ ಬರುವ ತಿಳಿಹಳದಿ ಇರುತ್ತದಲ್ಲ, ಹಾಗೆ. ಆ ದಿನ ಹನ್ನೊಂದು ಎಣಿಸಿದೆವು.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಇಂಥ ಮೊದಲ ಗಾಡಿಯನ್ನು 1979ರಲ್ಲಿ ಚರ್ಚಿಲ್‌ನಲ್ಲೇ ಲೆನ್ ಸ್ಮಿತ್ ಅನ್ನುವವರು ಕಟ್ಟಿದರು. ಬಸ್ಸಿಗಿಂತ ಅಗಲ, ನಮ್ಮೆತ್ತರದ ಚಕ್ರಗಳು. ಒಳಗೆ ಹೀಟರ್ ಇದೆ, ಹಿಂದೆ ಪುಟ್ಟ ಶೌಚಾಲಯ ಇದೆ. ಅಮ್ಮನಿಗೆ ಇದೊಂದೇ ದೊಡ್ಡ ಸಮಾಧಾನವಾಯಿತು. ಹಿಂಬದಿಯಲ್ಲಿ ತೆರೆದ ಅಟ್ಟ, ಅದರ ನೆಲ ಕಬ್ಬಿಣದ ಜಾಲರಿ. ಕರಡಿ ಕೆಳಗೆ ಬಂದು ನಿಂತರೆ ಜಾಲರಿಯಿಂದ ಅದರ ಉಸಿರು ನಮ್ಮ ಬೂಟಿಗೆ ತಾಗುತ್ತದೆ. ಗಾಡಿಗಳು ಓಡುವುದು ಹಿಂದೆ ಸೈನ್ಯದವರು ಮಾಡಿದ ಹಳೆಯ ಜಾಡುಗಳಲ್ಲಿ. ಹೊಸ ದಾರಿ ತುಳಿಯುವಂತಿಲ್ಲ. ಕರಡಿ ಕಂಡರೆ ಚಾಲಕರು ಎಂಜಿನ್ ಆಫ್ ಮಾಡಿ ಕಾಯುತ್ತಾರೆ. ಬರುವುದು ಬಿಡುವುದು ಅದರ ಇಷ್ಟ.

ದರೋಜಿಯಲ್ಲಿ ಕರಡಿಗಳನ್ನು ಕರೆಯಲು ಬಂಡೆಗೆ ಬೆಲ್ಲದ ಪಾಕ ಬಳಿಯುವುದನ್ನು ನೋಡಿದ್ದೇನೆ. ಇಲ್ಲಿ ಹಿಮಕರಡಿಗೆ ಏನಾದರೂ ತಿನ್ನಲು ಹಾಕುವುದು ಕಾನೂನಿಗೆ ವಿರುದ್ಧ. ತಿಂಡಿ ಹಿಡಿದುಕೊಂಡು ಅಟ್ಟಕ್ಕೆ ಹೋಗಲೂ ಬಿಡಲಿಲ್ಲ. ನಮ್ಮ ಹತ್ತಿರ ಬಂದದ್ದು ಎಳೆಯ ಗಂಡು ಕರಡಿ. ಮುಂಗಾಲು ಎತ್ತಿ ಗಾಡಿಗೆ ಒರಗಿ ನಿಂತು ಕಿಟಕಿ ಮೂಸಿತು. ಅಮ್ಮ ಕೂತಲ್ಲಿಂದಲೇ ಅದರ ಮುಖ ನೋಡಿ, "ಪಾಪ, ಊಟ ಮಾಡಿ ಎಷ್ಟು ದಿನ ಆಯ್ತೋ" ಅಂದರು. ಗೈಡ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಾಲ್ಕು ತಿಂಗಳ ಮೇಲಾಗಿರಬಹುದು ಅಂದರು ಅವರು. ಆಮೇಲೆ ಅಮ್ಮ ನಾವು ತಂದಿದ್ದ ಚಪಾತಿ ಡಬ್ಬಿ ತೆಗೆಯಲೇ ಇಲ್ಲ. ಮಧ್ಯಾಹ್ನದ ಸೂಪ್ ಕೂಡ ಅರ್ಧ ಬಿಟ್ಟರು.

ಮಧ್ಯಾಹ್ನದ ಮೇಲೆ ಎರಡು ದೊಡ್ಡ ಗಂಡುಗಳು ಎದುರುಬದುರು ನಿಂತು ಕುಸ್ತಿ ಹಿಡಿದವು. ನಿಜವಾದ ಜಗಳ ಅಲ್ಲ, ಆಟ. ಮುಕ್ಕಾಲು ಗಂಟೆ ನೋಡಿದೆವು. ಆ ಮುಕ್ಕಾಲು ಗಂಟೆಯಲ್ಲಿ ಅವು ಒಂದು ಸಲವೂ ನಮ್ಮ ಕಡೆ ತಿರುಗಲಿಲ್ಲ. ಗಾಡಿಯ ಪರವಾಗಿ ನಾನು ಹೇಳುವ ಅತಿ ದೊಡ್ಡ ಮಾತು ಇದೇ.

ಕೊರತೆಯೂ ಇದೆ. ಗಾಡಿ ತುಂಬ ಜನ. ಒಳ್ಳೆಯ ಕರಡಿ ಕಂಡ ಕೂಡಲೇ ಬೇರೆ ಗಾಡಿಗಳೂ ಬಂದು ಸಾಲು ನಿಲ್ಲುತ್ತವೆ. ಕಬಿನಿಯಲ್ಲಿ ಹುಲಿ ಸುದ್ದಿ ಬಂದಾಗ ಜೀಪುಗಳು ನುಗ್ಗುವಷ್ಟು ಇಲ್ಲ, ಗಾಡಿಗಳ ಸಂಖ್ಯೆಗೆ ಮಿತಿ ಇದೆ. ಆದರೂ ಒಂದೇ ಕಿಟಕಿಗೆ ಮೂರು ಕ್ಯಾಮೆರಾ. ಒಬ್ಬರಿಗೆ ಒಂದು ದಿನಕ್ಕೆ 500 ಕೆನಡಾ ಡಾಲರ್‌ಗಿಂತ ಜಾಸ್ತಿ ಆಯಿತು. ಚರ್ಚಿಲ್‌ವರೆಗೆ ಹೋಗುವುದು, ಉಳಿಯುವುದು ಬೇರೆ.

ಚರ್ಚಿಲ್‌ಗೆ ರಸ್ತೆ ಇಲ್ಲ. ರೈಲು, ಇಲ್ಲವಾದರೆ ವಿಮಾನ. ವಿನ್ನಿಪೆಗ್‌ನಿಂದ ರೈಲು ಸುಮಾರು 1,700 ಕಿ.ಮೀ., ಎರಡು ರಾತ್ರಿ. ನೆಲದಡಿ ಕರಗದ ಮಂಜು ಇರುವ ಕಡೆ ಆಮೆ ನಡಿಗೆ. 2017ರ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ ಒಂದೂವರೆ ವರ್ಷ ಊರಿಗೆ ರೈಲೇ ಇರಲಿಲ್ಲ. ನನಗೆ ಮಾತ್ರ ಈ ರೈಲು ತುಂಬ ಇಷ್ಟ. ಮರಗಳು ಗಂಟೆಗಂಟೆಗೂ ಗಿಡ್ಡವಾಗುತ್ತಾ ಹೋಗುತ್ತವೆ. ಆ ನೆಲದಲ್ಲಿ ಒಂಟಿ ಕಂಬ ನಿಲ್ಲುವುದಿಲ್ಲ ಅಂತ ತಂತಿ ಕಂಬಗಳನ್ನು ಮೂರು ಕಾಲು ಮಾಡಿ ನಿಲ್ಲಿಸಿದ್ದಾರೆ. ಅಮ್ಮನ ಜೊತೆ ವಿಮಾನದಲ್ಲಿ ಹೋದೆವು, ಎರಡು ಗಂಟೆಯ ಮೇಲೆ ಸ್ವಲ್ಪ. ವಯಸ್ಸಾದವರು ಇದ್ದರೆ ಅದೇ ಸರಿ.

ಊರನ್ನೂ ಲೆಕ್ಕಕ್ಕೆ ಹಿಡಿಯಬೇಕು. 870 ಜನರ ಊರು. ಕರಡಿ ಎದುರಾದರೆ ಯಾರಾದರೂ ಓಡಿ ಹತ್ತಿಕೊಳ್ಳಲಿ ಅಂತ ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲ. ಊರೊಳಗೆ ಬಂದ ಕರಡಿಯನ್ನು ಹಿಡಿದು ಇಡಲು 28 ಕೋಣೆಗಳ ಕಟ್ಟಡ ಇದೆ. ಅಲ್ಲಿ ನೀರು ಮಾತ್ರ ಕೊಡುತ್ತಾರೆ. ಊಟ ಸಿಗುತ್ತದೆ ಅಂತ ಗೊತ್ತಾದರೆ ಮತ್ತೆ ಬರುತ್ತದಲ್ಲ. ಆಮೇಲೆ ಹೆಲಿಕಾಪ್ಟರ್‌ನಲ್ಲಿ ದೂರ ಒಯ್ದು ಬಿಡುತ್ತಾರೆ. ಕೊಲ್ಲುವುದಕ್ಕಿಂತ ಇಷ್ಟು ಕಷ್ಟ ಪಡುವುದು ಮೇಲು ಅಂತ ಒಂದು ಸಣ್ಣ ಊರು ತೀರ್ಮಾನಿಸಿದೆ. ಅದು ನನಗೆ ದೊಡ್ಡದಾಗಿ ಕಂಡಿತು. ಉಳಿದೆರಡು ದಾರಿಯಲ್ಲಿ ಹೋದರೆ ಈ ಊರಿನ ಬದುಕು ನಿಮಗೆ ಕಾಣಸಿಗುವುದು ಕಡಿಮೆ.

ಈಗ ಕಾಲ್ನಡಿಗೆ. ಎರಡು ವರ್ಷ ಊರಿಗೆ ಹೋಗುವುದನ್ನು ಬಿಟ್ಟು ದುಡ್ಡು ಕೂಡಿಸಿದೆವು. ಒಂದು ವಾರಕ್ಕೆ ಒಬ್ಬರಿಗೆ 10,000 ಡಾಲರ್ ದಾಟಿತು. 2024ರ ಶರತ್ಕಾಲದಲ್ಲಿ ಚರ್ಚಿಲ್‌ನಿಂದ ಪುಟ್ಟ ವಿಮಾನದಲ್ಲಿ ಉತ್ತರದ ದಡಕ್ಕೆ ಹೋದೆವು. ಬೇಲಿ ಹಾಕಿದ ಅಂಗಳ, ಮರದ ಲಾಡ್ಜ್, ಸುತ್ತ ಏನೂ ಇಲ್ಲ. ಬೆಳಿಗ್ಗೆ ಎಂಟು ಜನ ಒಬ್ಬರ ಹಿಂದೆ ಒಬ್ಬರು ಹೊರಡುತ್ತಿದ್ದೆವು. ಮುಂದೆ ಒಬ್ಬ ಗೈಡ್, ಹಿಂದೆ ಒಬ್ಬ. ಮಾತಿಲ್ಲ. ಓಡುವಂತಿಲ್ಲ. ನಿಂತರೆ ಎಲ್ಲರೂ ಮೈಗೆ ಮೈ ತಾಗಿಸಿ ಒತ್ತಾಗಿ ನಿಲ್ಲಬೇಕು, ಕರಡಿಗೆ ಒಂದೇ ದೊಡ್ಡ ಪ್ರಾಣಿಯ ಹಾಗೆ ಕಾಣಲಿ ಅಂತ. ಗೈಡ್ ಹತ್ತಿರ ಕೋವಿ ಇರುತ್ತದೆ, ಅದು ಕಟ್ಟಕಡೆಗೆ. ಮೊದಲು ಮೆಲ್ಲನೆ ಮಾತಾಡುತ್ತಾರೆ, ಆಮೇಲೆ ಎರಡು ಕಲ್ಲು ತಗೊಂಡು ಟಕಟಕ ಬಡಿಯುತ್ತಾರೆ, ಅದಕ್ಕೂ ಕೇಳದಿದ್ದರೆ ಪಟಾಕಿ ಸದ್ದು.

ಮೂರನೆಯ ದಿನ ಒಂದು ಕರಡಿ ನೇರ ನಮ್ಮ ಕಡೆ ನಡೆದು ಬಂತು. ಅವಸರ ಇಲ್ಲ. ಹಿಮದ ತೆಳ್ಳನೆ ಪದರ ಅದರ ಪಾದದಡಿ ಒಡೆಯುವ ಸದ್ದು ಕೇಳುತ್ತಿತ್ತು. ಗಾಡಿಯಲ್ಲಿ ಈ ಸದ್ದು ಕೇಳುವುದೇ ಇಲ್ಲ, ಹೀಟರ್, ಜನರ ಮಾತು ಎಲ್ಲ ಸೇರಿ ಮುಚ್ಚಿಬಿಡುತ್ತದೆ. ಗೈಡ್ ಮಾತಾಡಿದರು, ಕಲ್ಲು ಬಡಿದರು. ಕರಡಿ ನಿಂತಿತು, ಮೂಗೆತ್ತಿ ಗಾಳಿ ಹೀರಿತು, ದೊಡ್ಡ ಸುತ್ತು ಹಾಕಿ ದಡದ ಕಡೆ ಹೋಯಿತು. ಅಷ್ಟು ಹೊತ್ತೂ ನಾನು ಯಜಮಾನರ ಜಾಕೆಟ್ಟಿನ ತೋಳು ಹಿಡಿದೇ ಇದ್ದೆ.

ಈ ಮೂರರಲ್ಲಿ ನನ್ನ ಮನಸ್ಸಿನಲ್ಲಿ ಅತಿ ಆಳಕ್ಕೆ ಇಳಿದದ್ದು ಆ ಹತ್ತು ನಿಮಿಷ. ಆದರೂ ನನ್ನ ಅಳತೆಯಲ್ಲಿ ಅದಕ್ಕೆ ಪೂರ್ತಿ ಅಂಕ ಕೊಡಲಾರೆ. ಅದರ ದಾರಿಗೆ ಅಡ್ಡ ನಿಂತವರು ನಾವು. ಸುತ್ತು ಹಾಕಿದ್ದು ಅದು. ಗೈಡ್‌ಗಳಿಗೆ ಇದು ಗೊತ್ತು. ಮಲಗಿದ್ದ ಕರಡಿ ತಲೆ ಎತ್ತಿದರೆ ಅಲ್ಲಿಂದಲೇ ನಮ್ಮನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಂಥ ಗೈಡ್ ಇಲ್ಲದ ಕಡೆ ಈ ದಾರಿ ಬೇಡವೇ ಬೇಡ. ಮಂಡಿ ನೋವಿನವರಿಗೆ, ಸಣ್ಣ ಮಕ್ಕಳಿಗೆ ಆಗದು. ಕಲ್ಲುಗುಂಡುಗಳ ಮೇಲೆ ದಿನಕ್ಕೆ ಕೆಲವು ಕಿಲೋಮೀಟರ್ ನಡೆಯಬೇಕು.

ಸ್ವಾಲ್ಬಾರ್ಡ್‌ಗೆ ಹೋದದ್ದು 2025ರ ಜುಲೈ. ಓಸ್ಲೋದಿಂದ ಅಲ್ಲಿನ ಮುಖ್ಯ ಊರು ಲಾಂಗ್‌ಯಿಯರ್‌ಬೈನ್, ಅಲ್ಲಿಂದ ನೂರು ಜನರ ಹಡಗು, ಒಂದು ವಾರ. ಸೂರ್ಯ ಮುಳುಗುವುದೇ ಇಲ್ಲ. 2025ರ ಜನವರಿಯಿಂದ ಅಲ್ಲಿ ಹೊಸ ನಿಯಮ ಬಂದಿದೆ. ಜುಲೈಯಿಂದ ಫೆಬ್ರವರಿವರೆಗೆ ಕರಡಿಯಿಂದ 300 ಮೀಟರ್, ಮಾರ್ಚಿನಿಂದ ಜೂನ್‌ವರೆಗೆ 500 ಮೀಟರ್ ದೂರ ಇರಲೇಬೇಕು. ಏಳು ದಿನದಲ್ಲಿ ನಾಲ್ಕು ಕರಡಿ ಕಂಡವು. ಎಲ್ಲವೂ ಬೈನಾಕ್ಯುಲರ್‌ನಲ್ಲಿ. ಎರಡು ಸಲ ದಡಕ್ಕೆ ಇಳಿಯಲು ರಬ್ಬರ್ ದೋಣಿ ಹತ್ತುವ ಹೊತ್ತಿಗೆ ಅಲ್ಲೇ ಕರಡಿ ಕಂಡಿತು, ಇಳಿಯುವುದು ರದ್ದಾಯಿತು. ಹಡಗಿನಲ್ಲಿ ಕೆಲವರು ಗೊಣಗಿದರು. ನನಗೆ ಆ ನಿಯಮ ಸರಿ ಅನ್ನಿಸಿತು. ತಾಯಿ, ಎರಡು ಮರಿ ಮಂಜುಗಡ್ಡೆಯ ಅಂಚಿನಲ್ಲಿ ನಡೆಯುತ್ತಿದ್ದವು. ನಾವು ಅಲ್ಲಿದ್ದದ್ದು ಅವಕ್ಕೆ ಲೆಕ್ಕಕ್ಕೇ ಇರಲಿಲ್ಲ.

ಹಡಗಿನಲ್ಲಿ ಕರಡಿಗಿಂತ ಬೇರೆಯದೇ ಜಾಸ್ತಿ: ಹಿಮನದಿ ಒಡೆದು ಕಡಲಿಗೆ ಬೀಳುವುದು, ವಾಲ್ರಸ್ ಗುಂಪು, ಬಂಡೆಗೋಡೆಯ ತುಂಬ ಸಾವಿರಾರು ಹಕ್ಕಿ. ಅದಕ್ಕೆಂದೇ ಹೋಗುವುದಾದರೆ ಖಂಡಿತ ಹೋಗಿ. ಕರಡಿಯ ಮುಖ ನೋಡಬೇಕು ಅನ್ನುವವರು ಹೋಗಬೇಡಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇನ್ನೊಂದು ಮಾತು: ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ನಾರ್ವೆಯ ಮೂಲಕ ಹೋಗಿ ಬರಬೇಕು. ಸ್ವಾಲ್ಬಾರ್ಡ್ ಷೆಂಗೆನ್‌ನ (ಒಂದೇ ವೀಸಾದ ಯುರೋಪ್ ದೇಶಗಳ ಗುಂಪಿನ) ಹೊರಗಿದೆ, ಹಾಗಾಗಿ ಷೆಂಗೆನ್ ವೀಸಾದಲ್ಲಿ ಕನಿಷ್ಠ ಎರಡು ಸಲ ಪ್ರವೇಶಕ್ಕೆ ಅವಕಾಶ ಇರಲೇಬೇಕು, ಇಲ್ಲದಿದ್ದರೆ ವಾಪಸ್ ಬರುವಾಗ ತೊಂದರೆ.

ಚಳಿಯ ವಿಷಯದಲ್ಲಿ ಚರ್ಚಿಲ್ ನವೆಂಬರ್ ಅತಿ ಕಠಿಣ. ಮೈನಸ್ 18ರಲ್ಲಿ ಕೊಲ್ಲಿಯ ಗಾಳಿ ಬಂತೆಂದರೆ ಅಟ್ಟದ ಮೇಲೆ ಐದು ನಿಮಿಷ ನಿಲ್ಲುವುದು ಕಷ್ಟ. ಗಾಡಿಯಲ್ಲಿ ಒಳಗೆ ಬಂದು ಬೆಚ್ಚಗಾಗಬಹುದು, ನಡಿಗೆಯಲ್ಲಿ ಆಗದು. ಊಟಕ್ಕೆ ಎಲ್ಲಾ ಕಡೆ ಸಸ್ಯಾಹಾರ ಸಿಕ್ಕಿತು, ಕಾಯ್ದಿರಿಸುವಾಗಲೇ ಹೇಳಿದ್ದೆವು. ರೈಲಿಗೆ ಮಾತ್ರ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇಟ್ಟುಕೊಂಡು ಹೋಗಿ.

ತಡ ಮಾಡಬೇಡಿ ಅಂತಲೂ ಹೇಳುತ್ತೇನೆ, ಕಾರಣ ಇದೆ. ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ 2016ರ ಎಣಿಕೆಯಲ್ಲಿ 842 ಕರಡಿ ಇದ್ದವು, 2021ರಲ್ಲಿ 618. ಮಂಜುಗಡ್ಡೆ ಇಲ್ಲದ ದಿನಗಳು 1980ರ ದಶಕಕ್ಕಿಂತ ಮೂರು-ನಾಲ್ಕು ವಾರ ಹೆಚ್ಚಾಗಿವೆ. ಉಪವಾಸವೂ ಅಷ್ಟೇ ಉದ್ದವಾಗಿದೆ. ನಮ್ಮ ವಿಮಾನದ ಹೊಗೆಯೂ ಅದರಲ್ಲಿ ಸೇರಿದೆ ಅನ್ನುವುದು ನನ್ನನ್ನು ಕೊರೆಯುತ್ತದೆ. ವಿನ್ನಿಪೆಗ್‌ನಲ್ಲೇ ಇರುವ ನಾನು ಇನ್ನು ಮುಂದೆ ಸ್ವಾಲ್ಬಾರ್ಡ್‌ನಷ್ಟು ದೂರ ಕರಡಿಗಾಗಿ ಹೋಗುವುದಿಲ್ಲ.

ಮುಂದಿನ ನವೆಂಬರ್‌ಗೆ ಚಿಕ್ಕಪ್ಪ, ಚಿಕ್ಕಮ್ಮ ಹಾಸನದಿಂದ ಬರುತ್ತಿದ್ದಾರೆ. ಅವರಿಗೆ ಚರ್ಚಿಲ್‌ನಲ್ಲಿ ಗಾಡಿ ಕಾಯ್ದಿರಿಸಿದ್ದೇನೆ, ಒಂದು ದಿನ ಅಲ್ಲ, ಎರಡು ದಿನ. ಒಂದು ದಿನ ಬಿರುಗಾಳಿ ಬಂದರೂ ಇನ್ನೊಂದು ಉಳಿಯುತ್ತದೆ. ಎರಡನೆಯ ದಿನ ಲೆಕ್ಕ ಹಾಕುವ ಅವಸರ ಇರುವುದಿಲ್ಲ, ಒಂದೇ ಕರಡಿಯ ಹತ್ತಿರ ಮಧ್ಯಾಹ್ನ ಪೂರ್ತಿ ಕೂತರೂ ಸರಿಯೆನಿಸುತ್ತದೆ. ಹೋಗುವಾಗ ವಿಮಾನ, ಬರುವಾಗ ರೈಲು. ಚಿಕ್ಕಮ್ಮನಿಗೆ ಕೆಳಗಿನ ಬರ್ತ್ ಕೇಳಿದ್ದೇನೆ, ಮೂರು ಕಾಲಿನ ಕಂಬಗಳು ಮಲಗಿದಲ್ಲಿಂದಲೇ ಕಾಣುತ್ತವೆ.