ಮಜೋರ್ಡಾ ಕಡೆಯ ಬೋರ್ಡಿಲ್ಲದ ಭಟ್ಟಿ: ಪೋಯಿಗೆ ಫುಲ್ ಮಾರ್ಕ್ಸ್, ಕಾತ್ರೆ ಪಾವ್‌ಗೆ ಸ್ವಲ್ಪ ಕಮ್ಮಿ

ಮೊದಲೇ ಹೇಳ್ಬಿಡ್ತೀನಿ, ಇಲ್ಲಿಗೆ ಹೋದ್ರೆ ಪೋಯಿ ಅನ್ನೋ ಗೋವಾ ಬ್ರೆಡ್ ತಗೊಳ್ಳಿ, ಅದೂ ಬಿಸಿ ಇರುವಾಗಲೇ. ದಕ್ಷಿಣ ಗೋವಾದ ಮಜೋರ್ಡಾ ಕಡೆ ಹಳ್ಳಿ ಒಳಗಿರೋ ಸೌದೆ ಭಟ್ಟಿ ಇದು, ಬೋರ್ಡ್ ಇಲ್ಲ, ಮ್ಯಾಪಲ್ಲೂ ಸಿಗಲ್ಲ, ಊರಲ್ಲಿ ಯಾರನ್ನಾದ್ರೂ ಪೊದೇರ್ ಎಲ್ಲಿ ಅಂತ ಕೇಳಿ, ದಾರಿ ತೋರಿಸ್ತಾರೆ. ಬ್ರೆಡ್ ಸುಡೋನೂ ಪೊದೇರೇ, ಸೈಕಲ್ ಹಿಂದೆ ಬಿದಿರು ಬುಟ್ಟಿ ಕಟ್ಕೊಂಡು ಅದರ ಮೇಲೆ ನೀಲಿ ಪ್ಲಾಸ್ಟಿಕ್ ಶೀಟ್ ಹೊದಿಸಿ ಪೋಂ ಪೋಂ ಅಂತ ಹಾರ್ನ್ ಒತ್ಕೊಂಡು ಮನೆ ಮನೆಗೆ ತರೋನೂ ಪೊದೇರೇ. ಬೆಳಿಗ್ಗೆ ಒಂದು ರೌಂಡು, ಸಂಜೆ ಟೀ ಹೊತ್ತಿಗೆ ಇನ್ನೊಂದು. ನಾನು ಕೆಲಸದ ಮೇಲೆ ಮಡಗಾಂವಲ್ಲಿ ಇರೋದು, ರಜಾ ಇದ್ದಾಗ ಬೈಕ್ ತಗೊಂಡು ನೇರ ಭಟ್ಟಿಗೇ ಹೋಗ್ತೀನಿ.

ಪೋಯಿ ಅಂದ್ರೆ ಗೋಧಿ ಹಿಟ್ಟು ಹಾಕಿ ಚಪ್ಪಟೆಯಾಗಿ ತಟ್ಟಿ ಮೇಲೆ ತೌಡು ಉದುರಿಸಿದ ಬ್ರೆಡ್, ಕಾದ ಭಟ್ಟಿ ನೆಲಕ್ಕೆ ಬಿದ್ದ ಕೂಡಲೇ ನಮ್ಮ ಪೂರಿ ತರ ಉಬ್ಬುತ್ತೆ, ಒಳಗೆ ಪೊಳ್ಳು. ಅದನ್ನ ಅರ್ಧ ಸೀಳಿ ಒಳಗೆ ಅಲಸಂದೆ ಭಾಜಿ ತುಂಬ್ಕೊಂಡು ತಿನ್ನಿ, ಚೋರಿಸ್ (ಗೋವಾದ ಹಂದಿ ಮಾಂಸದ ಸಾಸೇಜ್) ತಿನ್ನೋರು ಅದನ್ನ ಹಾಕ್ಕೊಳ್ಳಿ. ಏನೂ ಬೇಡ ಬರೀ ಬೆಣ್ಣೆ ಸಾಕು ಅಂದ್ರೂ ನಡೆಯುತ್ತೆ, ಇಲ್ಲಿಯ ಪೋಯಿಗೆ ಆ ತಾಕತ್ತಿದೆ. ತೌಡು ಚೂರು ಸುಟ್ಟ ವಾಸನೆ, ಅಗಿಯುವಾಗ ಸಿಗೋ ಆ ಜಿಗುಟು, ಇದು ಸೂಪರ್ ಮಾರ್ಕೆಟ್ ಪ್ಯಾಕೆಟ್ ಪೋಯಿಯಲ್ಲಿ ಬರಲ್ಲ, ನಾನು ಅದನ್ನೂ ತಿಂದು ನೋಡಿದೀನಿ, ಮೆತ್ತಗೆ ಇರುತ್ತೆ ಅಷ್ಟೇ.

ಉಂಡೊ ಕೂಡ ಚೆನ್ನಾಗಿದೆ, ದುಂಡಗೆ, ಮೇಲೆ ಗಟ್ಟಿ ಸಿಪ್ಪೆ ಒಳಗೆ ಹತ್ತಿ, ಶಾಕುತಿ ಅನ್ನೋ ತೆಂಗಿನಕಾಯಿ ಮಸಾಲೆ ಗ್ರೇವಿಯಲ್ಲಿ ಅದ್ದಿ ತಿನ್ನೋಕೆ ಅದೇ ಸರಿ, ಆದ್ರೆ ಅವತ್ತೇ ತಿನ್ಬೇಕು, ಮಾರನೇ ದಿನಕ್ಕೆ ಹಲ್ಲಿಗೆ ಕೆಲಸ. ಕಾತ್ರೆ ಪಾವ್, ಅಂದ್ರೆ ಹಿಟ್ಟನ್ನ ಕತ್ತರಿಸಿ ಆಕಾರ ಕೊಡೋ ಪಾವ್, ಅದರ ಬಗ್ಗೆ ಮಾತ್ರ ಕಂಪ್ಲೇಂಟ್ ಇದೆ, ಸಂಜೆ ಬ್ಯಾಚಲ್ಲಿ ಎಷ್ಟೋ ಸಲ ನಡುವೆ ಹಸಿ ಹಸಿ ಇತ್ತು, ಈಸ್ಟ್ ವಾಸನೆ ಹೊಡೀತಿತ್ತು. ಹಿಟ್ಟಿಗೆ ಉಬ್ಬೋಕೆ ಟೈಮ್ ಕೊಡದೆ ಆತುರ ಮಾಡ್ತಾರೆ ಅನ್ಸುತ್ತೆ.

ಹಿಂದೆ ಇಲ್ಲಿ ಈಸ್ಟೇ ಇರ್ಲಿಲ್ಲ, ತೆಂಗಿನ ಕಳ್ಳು ಹಾಕಿ ಹಿಟ್ಟು ಹುಳಿ ಬರಿಸ್ತಿದ್ರು, ಆ ಕಳ್ಳಿಗೆ ಇಲ್ಲಿ ಸುರ್ ಅಂತಾರೆ. ಪೋರ್ಚುಗೀಸರಿಗೆ ಬ್ರೆಡ್ ಇಲ್ಲದೆ ಊಟ ಇಲ್ಲ, ಜೆಸ್ಯೂಟ್ ಪಾದ್ರಿಗಳು ಈ ಸಾಲ್ಸೆಟ್ ಭಾಗದ ಕ್ರಿಶ್ಚಿಯನ್ ಕುಟುಂಬಗಳಿಗೆ ಬ್ರೆಡ್ ಮಾಡೋದು ಕಲಿಸಿದ್ರು, ಅದು ಮಜೋರ್ಡಾದಲ್ಲೇ ಶುರುವಾಯ್ತು ಅಂತ ಊರವರು ಹೆಮ್ಮೆಯಿಂದ ಹೇಳ್ತಾರೆ. ಈಗ ತೆಂಗಿನ ಮರ ಹತ್ತಿ ಕಳ್ಳು ಇಳಿಸೋರೇ ಕಮ್ಮಿ, ಹಾಗಾಗಿ ಹೆಚ್ಚಿನ ಭಟ್ಟಿಗಳು ಈಸ್ಟಿಗೆ ಬಂದಿವೆ, ಇದೂ ಅಷ್ಟೇ. ಭಟ್ಟಿ ಮಾತ್ರ ಹಳೇದೇ, ಒಳಗೇ ಸೌದೆ ಉರಿಸಿ, ಕೆಂಡ ಪಕ್ಕಕ್ಕೆ ತಳ್ಳಿ, ನೆಲ ಒರೆಸಿ, ಉದ್ದ ಮರದ ಹುಟ್ಟಿನಲ್ಲಿ ಒಂದೊಂದೇ ಒಳಗೆ ಜಾರಿಸ್ತಾರೆ, ಬೇಯೋದು ಇಟ್ಟಿಗೆ ಹಿಡಿದಿಟ್ಟ ಕಾವಲ್ಲಿ. ನಿಂತು ನೋಡಿ, ಬೇಡ ಅನ್ನಲ್ಲ.

ಒಂದು ಕಾಲದಲ್ಲಿ ಹಿಂದೂ ಬಾವಿಗೆ ಪಾವ್ ಎಸೆದ್ರೆ ಆ ನೀರು ಕುಡಿದ ಊರೇ ಜಾತಿ ಕಳ್ಕೊಳ್ತಿತ್ತು ಅನ್ನೋ ಕಥೆ ಗೋವಾದಲ್ಲಿ ಈಗಲೂ ಹೇಳ್ತಾರೆ. ಈಗ ನೋಡಿ, ಹಾರ್ನ್ ಕೇಳಿದ್ರೆ ತುಳಸಿಕಟ್ಟೆ ಇರೋ ಮನೆಯಿಂದಲೂ ಚೀಲ ಹಿಡ್ಕೊಂಡು ಬರ್ತಾರೆ, ಶಿಲುಬೆ ಇರೋ ಮನೆಯಿಂದಲೂ ಬರ್ತಾರೆ, ಬುಟ್ಟಿ ಸುತ್ತ ನಿಂತು ಯಾರಿಗೆ ಹುಷಾರಿಲ್ಲ, ಯಾರ ಮಗ ದುಬೈಯಿಂದ ಬಂದ ಎಲ್ಲ ಮಾತಾಡ್ತಾರೆ. ಗೇಟಿಗೆ ಚೀಲ ನೇತಾಕಿರೋ ಅಜ್ಜಿ ಮನೆಗೆ ಎಷ್ಟು ಹಾಕ್ಬೇಕು ಅಂತ ಸೈಕಲ್ ಹುಡುಗನಿಗೆ ಬಾಯಿಪಾಠ, ದುಡ್ಡು ತಿಂಗಳಿಗೊಮ್ಮೆ. ಮದುವೆ ಬಂದ್ರೆ ಬೋಲ್ ಅಂತ ಬೆಲ್ಲ ತೆಂಗಿನಕಾಯಿ ಹಾಕಿದ ಸಿಹಿ ಬ್ರೆಡ್ ಆರ್ಡರ್ ಇರುತ್ತೆ, ಮುಂಚೆನೇ ಹೇಳ್ಬೇಕು. ಇಷ್ಟೆಲ್ಲ ಕೆಲಸ ಮಾಡೋ ಅಂಗಡಿ ನನಗೆ ಬೇರೆ ಗೊತ್ತಿಲ್ಲ, ಅದಕ್ಕೇ ಅಲ್ಲೇ ಇರೋರು ದಯವಿಟ್ಟು ಸೈಕಲ್‌ನಿಂದಲೇ ತಗೊಳ್ಳಿ. ದಿನಾ ತಗೊಳ್ಳೋ ಮನೆಗಳು ಕಮ್ಮಿಯಾದ್ರೆ ಮೊದಲು ನಿಲ್ಲೋದು ಒಳದಾರಿಯ ರೌಂಡೇ, ಆಗ ಪೇಟೆಗೆ ನಡೆದು ಹೋಗೋಕಾಗದ ಅಜ್ಜ ಅಜ್ಜಿಯರಿಗೆ ಕಷ್ಟ.

ಭಟ್ಟಿ ಮುಂದೆ ನಿಂತಿರೋರು ನಮ್ಮವರೇ, ವಿಜಯಪುರ, ಗದಗ ಕಡೆ ಹುಡುಗರು. ಗೋವಾದ ಎಷ್ಟೋ ಭಟ್ಟಿಗಳಲ್ಲಿ ಈಗ ಹೊರಗಿಂದ ಬಂದೋರೇ ಕೆಲಸ ಮಾಡೋದು, ಹಳೇ ಪೊದೇರ್ ಮನೆತನದ ಮಕ್ಕಳು ಓದಿ ಬೇರೆ ಕಡೆ ಹೋದ್ರು, ರಾತ್ರಿಯಿಡೀ ಬೆಂಕಿ ಮುಂದೆ ನಿಲ್ಲೋ ಕೆಲಸ ಸುಲಭ ಅಲ್ಲ. 1510ರಲ್ಲಿ ಪೋರ್ಚುಗೀಸರು ಗೋವಾ ಕಿತ್ಕೊಂಡಿದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ, ಇವತ್ತು ಆ ಪೋರ್ಚುಗೀಸರು ತಂದ ಬ್ರೆಡ್ಡನ್ನ ಉಳಿಸ್ತಿರೋರಲ್ಲಿ ಬಿಜಾಪುರದ ಹುಡುಗರೂ ಇದಾರೆ, ನನಗಂತೂ ಅವರ ಮೇಲೆ ತುಂಬ ಗೌರವ. ನಾನು ಕನ್ನಡದಲ್ಲಿ ಕೇಳಿದ ಕೂಡಲೇ "ಬರ್ರಿ ಸರ, ಬಿಸಿ ಅದಾವ, ಎಷ್ಟ್ ಬೇಕ್ರಿ" ಅಂತ ಒಬ್ಬ ಆಗಷ್ಟೇ ತೆಗೆದಿದ್ದನ್ನೇ ಕೊಟ್ಟ. ಊರಲ್ಲಿ ಜೋಳದ ರೊಟ್ಟಿ ತಿಂದು ಬೆಳೆದವನು, ಉಂಡೊ ಮೇಲೆ ಬ್ಲೇಡ್ ಎಳೆಯೋ ಅವನ ಕೈ ನೋಡ್ಬೇಕು ನೀವು.

ಬಟ್ಟೆ ಚೀಲ ತಗೊಂಡು ಹೋಗಿ, ಪ್ಲಾಸ್ಟಿಕ್ ಕವರಲ್ಲಿ ಬಿಸಿ ಪೋಯಿ ಹಾಕಿದ್ರೆ ಬೆವರಿ ಹಾಳಾಗುತ್ತೆ. ಚಿಲ್ಲರೆ ಇಟ್ಕೊಳ್ಳಿ, ಒಂದಕ್ಕೆ ಐದು ರೂಪಾಯಿ ಲೆಕ್ಕದಲ್ಲಿ ನಾನು ಕೊಟ್ಟಿದ್ದು. ಲೇಟಾಗಿ ಎದ್ದು ಹೋದ್ರೆ ಖಾಲಿ, ಬೈಕೊಂಡು ಪ್ರಯೋಜನ ಇಲ್ಲ. ಊರಿಗೆ ಒಯ್ಯೋದಾದ್ರೆ ಕಾಂಕಣ್ ತಗೊಳ್ಳಿ, ಬಳೆ ಆಕಾರದ ಗರಿಗರಿ ಬ್ರೆಡ್, ಟೀಗೆ ಅದ್ದಿ ತಿನ್ನೋದು, ಡಬ್ಬಿಯಲ್ಲಿಟ್ರೆ ಕೆಡಲ್ಲ, ಕಾರವಾರ ದಾಟಿ ಬೆಂಗಳೂರಿಗೆ ಬಂದ್ಮೇಲೂ ಹಾಗೇ ಇರುತ್ತೆ.